ಮುಂಗುಸಿಯ ಹೆಸರು

ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಹೊಲದ ಬದುವಿನ ಮೇಲೆ, ಇಲ್ಲವೆ ಹಾಳುಬಿದ್ದ ಗೋಡೆಯ ಕಲ್ಲುಸಂದಿಗಳಲ್ಲಿ, ಬೂದುಬಣ್ಣದ ಉದ್ದ ಮೈಯ ಪ್ರಾಣಿಯೊಂದು ಅರೆಗಳಿಗೆ ನಿಂತು, ಅತ್ತಿತ್ತ ನೋಡಿ, ಸರ್ರನೆ ನುಸುಳಿ ಮಾಯವಾಗುವುದನ್ನು ಕಾಣದವರು ವಿರಳ. ಅದು ಕಣ್ಣಿಗೆ ಬಿದ್ದರೆ ಶುಭಶಕುನವೆಂದು ಹೇಳುವ ಹಿರಿಯರೂ ಉಂಟು. ಮೂತಿಯಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು ಎರಡೂವರೆ ಅಡಿ; ತೂಕವೋ ಒಂದೂವರೆ ಕಿಲೋಗ್ರಾಂ ಮೀರುವುದು ಅಪರೂಪ. ಪ್ರಾಣಿ ಚಿಕ್ಕದು. ಆದರೆ ಅದರ ಹೆಸರು ಮಾಡಿರುವ ಪ್ರಯಾಣ ಬಹಳ ದೊಡ್ಡದು. ದಕ್ಷಿಣದ ನೆಲದಲ್ಲಿ ಹುಟ್ಟಿದ ಆ ಮಾತು ಗೋವೆಯ ಬಂದರಿನಲ್ಲಿ ಹಡಗು ಹತ್ತಿತು. ಪೋರ್ಚುಗಲ್, ಫ್ರಾನ್ಸ್, ಇಂಗ್ಲೆಂಡುಗಳನ್ನು ಕಂಡಿತು. ಅಲ್ಲಿಂದ ಮುಂದೆ ಜಪಾನಿಗೂ ಹವಾಯಿ ದ್ವೀಪಗಳಿಗೂ ಹೋಗಿ ನೆಲಸಿತು.

ಹೆಸರು ಒಂಟಿಯಾಗಿ ಹೋಗಲಿಲ್ಲ. ಅದರ ಹಿಂದೆ ಕೀರ್ತಿಯೂ ಹೋಯಿತು. ಹಾವಿನ ವೈರಿ, ವಿಷಕ್ಕೆ ಮದ್ದು ಬಲ್ಲ ಪ್ರಾಣಿ ಎಂಬ ಕೀರ್ತಿ ಅದು. ಆ ಕೀರ್ತಿಯಲ್ಲಿ ನಿಜವೆಷ್ಟು, ಹುಸಿಯೆಷ್ಟು ಎಂದು ತೂಗಿ ನೋಡದೆ ನಂಬಿದವರು ದೂರದ ದ್ವೀಪಗಳಲ್ಲಿಯೂ ನಷ್ಟಪಟ್ಟರು, ನಮ್ಮ ಊರುಗಳಲ್ಲಿಯೂ ನಷ್ಟಪಡುತ್ತಿದ್ದಾರೆ. ಆದ್ದರಿಂದ ಮುಂಗುಸಿಯ ಹೆಸರಿನ ಚರಿತ್ರೆ ಬರಿಯ ಪಂಡಿತರ ಚರ್ಚೆಯಲ್ಲ. ಹೊಲಕ್ಕೆ ಹೋಗುವ ಪ್ರತಿಯೊಬ್ಬರಿಗೂ ಸಂಬಂಧಪಟ್ಟ ವಿಷಯ.

ಮೊದಲು ನಮ್ಮ ಸೀಮೆಯಿಂದಲೇ ಹೊರಡೋಣ. ಭೀಮಾ ಕೃಷ್ಣೆಯರ ನಡುವಣ ಈ ನಾಡಿಗೆ ಭಾಷೆಗಳ ಸಂತೆ ಹೊಸತಲ್ಲ. ಮನೆಯ ಮಾತು ಕನ್ನಡ. ಗುರುಮಠಕಲ್ಲನ್ನು ದಾಟಿ ಮೂಡಲಿಗೆ ನಡೆದರೆ ತೆಲುಗು ಕಿವಿಗೆ ಬೀಳುತ್ತದೆ. ೧೯೪೮ರವರೆಗೆ ನಿಜಾಮರ ಆಳ್ವಿಕೆ ಇದ್ದದ್ದರಿಂದ ಕಚೇರಿಯ ಭಾಷೆ ಉರ್ದು; ಪೇಟೆಯಲ್ಲಿ ದಖ್ಖನಿ. ಪಡುವಣ ಬಡಗಣ ದಿಕ್ಕಿನಿಂದ ವ್ಯಾಪಾರದ ಜೊತೆಗೆ ಮರಾಠಿಯೂ ಬಂದಿತು. ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಹುಕಾಲ ಗುಲಬರ್ಗಾ ಜಿಲ್ಲೆಯ ಭಾಗವಾಗಿದ್ದ ಈ ತಾಲ್ಲೂಕುಗಳು ೨೦೦೯ರ ಡಿಸೆಂಬರ್ ೩೦ರಂದು ಯಾದಗಿರಿ ಜಿಲ್ಲೆಯಾದವು. ಆಡಳಿತ ಬದಲಾದರೂ ಬಾಯಿಮಾತುಗಳ ಕೊಡುಕೊಳ್ಳುವಿಕೆ ನಿಲ್ಲಲಿಲ್ಲ.

ಇಂಥ ನಾಡಿನಲ್ಲಿ ಈ ಪ್ರಾಣಿಗೆ ಎಷ್ಟು ಹೆಸರುಗಳಿವೆ ನೋಡಿ. ಪುಸ್ತಕದ ಕನ್ನಡದಲ್ಲಿ ಮುಂಗುಸಿ. ಬಡಗಣ ಕರ್ನಾಟಕದ ಬಾಯಿಮಾತಿನಲ್ಲಿ ಮುಂಗಲಿ, ಮುಂಗುಲಿ. ನಿಘಂಟುಗಳನ್ನು ತೆರೆದರೆ ಮುಂಗಿಸಿ ಎಂಬ ರೂಪವೂ ಸಿಕ್ಕುತ್ತದೆ. ತೆಲುಗಿನವರು ಮುಂಗಿಸ ಎನ್ನುತ್ತಾರೆ. ಮರಾಠಿಯಲ್ಲಿಯೂ ಕೊಂಕಣಿಯಲ್ಲಿಯೂ ಮುಂಗೂಸ. ತುಳುವಿನಲ್ಲಿ ಮುಂಗಿಲಿ, ಮುಂಗುಲಿ. ಉರ್ದು ಬಲ್ಲವರು ನೇವ್ಲಾ ಎನ್ನುತ್ತಾರೆ. ಆದರೆ ೧೮೬೭ರಲ್ಲಿ ಭಾರತದ ಸಸ್ತನಿಗಳ ಬಗ್ಗೆ ಗ್ರಂಥ ಬರೆದ ಜೆರ್ಡನ್ ಎಂಬ ಪ್ರಾಣಿಶಾಸ್ತ್ರಜ್ಞ ದಖ್ಖನಿ ಆಡುವವರ ಮಾತೂ ಮಂಗೂಸ್ ಎಂದೇ ದಾಖಲಿಸಿದ್ದಾನೆ. ಅಂದರೆ ಉತ್ತರದಿಂದ ಬಂದ ಭಾಷೆ ಇಲ್ಲಿ ಬೇರೂರಿದಾಗ, ಈ ನೆಲದ ಪ್ರಾಣಿಯನ್ನು ಈ ನೆಲದ ಹೆಸರಿನಿಂದಲೇ ಕರೆಯಿತು.

ಇವೆಲ್ಲವೂ ಒಂದೇ ಮಾತಿನ ಮಕ್ಕಳೆಂದು ಕಿವಿಗೇ ತಿಳಿಯುತ್ತದೆ. ಹಾಗಾದರೆ ತಾಯಿ ಯಾರು?

ಇಲ್ಲಿ ಊಹೆಗೆ ಬಹಳ ಅವಕಾಶವಿದೆ. ಪ್ರಾಣಿಯ ಮೂತಿ ಚೂಪು, ಮೈ ಇಲಿಯಂತೆ ಉದ್ದ. ಆದ್ದರಿಂದ ಮೂಗು ಮತ್ತು ಇಲಿ ಸೇರಿ ಮುಂಗುಲಿಯಾಯಿತು ಎಂದು ಯಾರಾದರೂ ಹೇಳಿದರೆ ಒಪ್ಪಿಬಿಡಬೇಕೆನಿಸುತ್ತದೆ. ಮುಂಗೋಪದ ಪ್ರಾಣಿಯಾದ್ದರಿಂದ ಮುಂಗುಸಿ ಎಂದು ವಿನೋದಕ್ಕೆ ಹೇಳಲೂಬಹುದು. ಆದರೆ ಶಬ್ದಗಳ ಹುಟ್ಟನ್ನು ಒಂದೇ ಭಾಷೆಯ ಅಂಗಳದಲ್ಲಿ ನಿಂತು ನಿರ್ಣಯಿಸಬಾರದು, ನೆರೆಹೊರೆಯನ್ನು ಕೇಳಬೇಕು. ತೆಲುಗಿನ ಮುಂಗಿಸದಲ್ಲಿ ಇಲಿಯ ಸುಳಿವಿಲ್ಲ. ತಮಿಳಿನ ಕಡೆ ನೋಡಿದರೆ ಅಲ್ಲಿಯ ಹಳೆಯ ರೂಪ ಮೂಂಗಾ. ಅದರಲ್ಲಿಯೂ ಇಲಿಯಿಲ್ಲ, ಕೋಪವೂ ಇಲ್ಲ. ತಮಿಳರ ಅತಿ ಪ್ರಾಚೀನ ವ್ಯಾಕರಣವಾದ ತೊಲ್ಕಾಪ್ಪಿಯಂನಲ್ಲಿ ಯಾವ ಯಾವ ಪ್ರಾಣಿಯ ಮರಿಯನ್ನು ಏನೆಂದು ಕರೆಯಬೇಕೆಂಬ ಪಟ್ಟಿಯೊಂದಿದೆ. ಕಾಡುಬೆಕ್ಕು, ಇಲಿ, ಮೂರು ಗೆರೆಯ ಅಳಿಲುಗಳ ಸಾಲಿನಲ್ಲಿ ಮೂಂಗಾ ಕುಳಿತಿದೆ. ಅದರ ಮರಿಯನ್ನು ಕುಟ್ಟಿ ಎನ್ನಬೇಕೆಂದು ವ್ಯಾಕರಣಕಾರನ ವಿಧಿ. ಬರೊ ಮತ್ತು ಎಮೆನೊ ಎಂಬ ವಿದ್ವಾಂಸರು ೧೯೬೧ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ವ್ಯುತ್ಪತ್ತಿಕೋಶದಲ್ಲಿ ತಮಿಳಿನ ಮೂಂಗಾ, ಕನ್ನಡದ ಮುಂಗಿಸಿ, ತುಳುವಿನ ಮುಂಗಿಲಿ, ತೆಲುಗಿನ ಮುಂಗಿಸ, ಎಲ್ಲವನ್ನೂ ಒಂದೇ ಮನೆಯಲ್ಲಿ ಕೂಡಿಸಿದ್ದಾರೆ. ಹಾಗಾಗಿ ಎಲ್ಲಕ್ಕೂ ಸಮಾನವಾದದ್ದು ಮುಂಗ್ ಎಂಬ ಮೊದಲ ಭಾಗ ಮಾತ್ರ. ಲಿ, ಸಿ, ಸ ಎಂಬ ಬಾಲಗಳನ್ನು ಆಯಾ ಭಾಷೆ ತನ್ನ ರೂಢಿಗೆ ತಕ್ಕಂತೆ ಅಂಟಿಸಿಕೊಂಡಿದೆ.

ಮರಾಠಿಯ ಮುಂಗೂಸ ನಮ್ಮ ಮಾತಿನ ನೆಂಟನೇ. ಪ್ರಾಕೃತದಲ್ಲಿ ಮಂಗುಸ ಎಂಬ ಶಬ್ದ ಹಿಂದೆಯೇ ಬಳಕೆಯಲ್ಲಿತ್ತು. ಸಂಸ್ಕೃತದಲ್ಲಿ ಇದಕ್ಕೆ ಸರಿಯಾದ ಮೂಲವಿಲ್ಲ. ದಕ್ಷಿಣದ ಭಾಷೆಗಳಲ್ಲಿ ಮಾತ್ರ ಅದರ ಕುಟುಂಬ ತುಂಬಿದೆ. ಉರ್ದು ನಿಘಂಟುಕಾರನಾದ ಪ್ಲಾಟ್ಸ್ ಎಂಬಾತ ಶೀಘ್ರವೆಂಬ ಅರ್ಥದ ಮಕ್ಷು ಎಂಬ ಸಂಸ್ಕೃತ ಶಬ್ದದಿಂದ ಇದನ್ನು ಹೊರಡಿಸಲು ನೋಡಿದನು. ಆದರೆ ಅದನ್ನು ಸಂದೇಹದಿಂದಲೇ ಬರೆದನು. ತಮಿಳಿನ ಮೂಂಗಾ ಕಣ್ಣಮುಂದಿರುವಾಗ ಮಕ್ಷುವಿನ ಮಾತು ನಿಲ್ಲುವುದಿಲ್ಲ.

ಸಂಸ್ಕೃತಕ್ಕೆ ತನ್ನದೇ ಹೆಸರಿದೆ, ಅದು ನಕುಲ. ಪಾಂಡವರಲ್ಲಿ ನಾಲ್ಕನೆಯವನ ಹೆಸರು ಎಲ್ಲರಿಗೂ ಗೊತ್ತು. ಅಥರ್ವವೇದದಲ್ಲಿಯೇ ನಕುಲವು ಹಾವನ್ನು ಕತ್ತರಿಸುವ ಪ್ರಸ್ತಾಪವಿದೆ. ಈ ನಕುಲವೇ ಪ್ರಾಕೃತದಲ್ಲಿ ನಡುವಣ ಕಕಾರವನ್ನು ಕಳೆದುಕೊಂಡು ನಉಲವಾಯಿತು. ಅದರಿಂದ ಹಿಂದಿಯ ನೇವಲಾ, ಗುಜರಾತಿಯ ನೋಳಿಯೋ ಹುಟ್ಟಿದವು. ಆದಕಾರಣ ಸುರಪುರದ ಪೇಟೆಯಲ್ಲಿ ಒಬ್ಬನು ನೇವ್ಲಾ ಎಂದು, ಇನ್ನೊಬ್ಬನು ಮುಂಗಲಿ ಎಂದು ಹೇಳಿದಾಗ, ಸಾವಿರಾರು ವರ್ಷಗಳ ಎರಡು ಬೇರೆ ಬೇರೆ ವಂಶಗಳು ಒಂದು ಕಟ್ಟೆಯ ಮೇಲೆ ಕುಳಿತು ಮಾತಾಡುತ್ತವೆ.

ದಕ್ಷಿಣದಲ್ಲಿಯೇ ಮೂರನೆಯ ಹೆಸರೊಂದು ಉಂಟು: ಕೀರಿ. ಇಂದಿನ ತಮಿಳು ಮಲಯಾಳಗಳಲ್ಲಿ ಇದೇ ರೂಢಿ. ಮೂಂಗಾ ತಮಿಳಿನಲ್ಲಿ ಗ್ರಂಥಸ್ಥವಾಗಿ ಉಳಿಯಿತು; ಕನ್ನಡ ತೆಲುಗುಗಳಲ್ಲಿ ಅದರ ಒಡಹುಟ್ಟಿದವರು ಇಂದಿಗೂ ಬಾಯಲ್ಲಿದ್ದಾರೆ. ತಾಯಿಯ ಒಡವೆಯನ್ನು ಒಬ್ಬ ಮಗಳು ಪೆಟ್ಟಿಗೆಯಲ್ಲಿಟ್ಟು, ಇನ್ನೊಬ್ಬಳು ದಿನವೂ ತೊಟ್ಟು ನಡೆದಂತೆ ಇದು.

ಇನ್ನು ಕಡಲಿನ ಕಡೆಗೆ ಹೋಗೋಣ. ೧೫೧೦ರಲ್ಲಿ ಪೋರ್ಚುಗೀಸರು ಗೋವೆಯನ್ನು ಬಿಜಾಪುರದ ಸುಲ್ತಾನರಿಂದ ಕಸಿದುಕೊಂಡರು. ನಮ್ಮ ಸಗರನಾಡು ಸಹ ಅಂದು ಅದೇ ಬಿಜಾಪುರದ ಸೀಮೆಗೆ ಸೇರಿದ್ದಿತು. ಪೋರ್ಚುಗೀಸರಿಗೆ ಈ ಪ್ರಾಣಿ ಹೊಸದು. ಹಾವಿನೊಡನೆ ಅದರ ಕಾಳಗವಂತೂ ಬೆರಗಿನ ವಿಷಯ. ಗೋವೆಯ ಜನ ಮುಂಗೂಸ ಎಂದರು. ಪೋರ್ಚುಗೀಸರ ನಾಲಗೆಯಲ್ಲಿ ಅದು ಮಂಗುಸ್ತೊ ಆಯಿತು. ತಮಿಳು ಕರಾವಳಿಯ ಕೀರಿಪ್ಪಿಳ್ಳೈ ಎಂಬ ಮುದ್ದಿನ ಹೆಸರು ಕೂಡ ಐರೋಪ್ಯರ ಕಿವಿಗೆ ಬಿದ್ದಿತ್ತು. ಹದಿನೇಳನೆಯ ಶತಮಾನದ ಆರಂಭದ ಲ್ಯಾಟಿನ್ ಬರಹದಲ್ಲಿ ಅದು ಕ್ವಿರ್ಪೆಲೆ ಎಂದು ಕಾಣುತ್ತದೆ. ಆದರೆ ಅದು ಮುಂದೆ ಸಾಗಲಿಲ್ಲ. ರಾಜಧಾನಿ ಗೋವೆ, ದೊಡ್ಡ ಹಡಗುಗಳು ಹೊರಡುವುದು ಅಲ್ಲಿಂದ. ಹೆಸರುಗಳ ಪೈಪೋಟಿಯಲ್ಲಿಯೂ ಬಂದರು ಯಾರ ಕೈಯಲ್ಲಿದೆಯೋ ಅವರ ಮಾತಿಗೇ ಗೆಲುವು.

ಫ್ರೆಂಚರು ಮಾಂಗೂಸ್ತ್ ಎಂದರು. ಸ್ಪೇನಿನವರು ಮಂಗೊಸ್ತ, ಇಟಲಿಯವರು ಮಂಗೂಸ್ತ, ರಷ್ಯನ್ನರು ಮಂಗೂಸ್ತ್, ಜರ್ಮನರು ಮುಂಗೊ ಎಂದೂ ಮಂಗೂಸ್ತೆ ಎಂದೂ ಹೇಳಿದರು. ಇಂಗ್ಲಿಷಿಗೆ ಈ ಮಾತು ಹದಿನೇಳನೆಯ ಶತಮಾನದ ಕೊನೆಯಲ್ಲಿ ಬಂದಿತು. ೧೬೭೦ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ತಿರುಗಾಡಿದ ಜಾನ್ ಫ್ರೈಯರ್ ಎಂಬ ವೈದ್ಯನ ಪ್ರವಾಸಗ್ರಂಥ ೧೬೯೮ರಲ್ಲಿ ಅಚ್ಚಾಯಿತು. ಅದರಲ್ಲಿ ಈ ಪ್ರಾಣಿ ಕಾಣಿಸಿಕೊಳ್ಳುತ್ತದೆ. ಕ್ರಮೇಣ ಇಂಗ್ಲಿಷಿನವರು ಅದರ ಕೊನೆಯನ್ನು ಗೂಸ್ ಎಂದು ಬರೆಯತೊಡಗಿದರು. ಗೂಸ್ ಎಂದರೆ ಅವರ ಭಾಷೆಯಲ್ಲಿ ಹೆಬ್ಬಾತು. ಹೆಬ್ಬಾತಿಗೂ ಮುಂಗುಸಿಗೂ ಏನು ನಂಟು? ಏನೂ ಇಲ್ಲ. ಪರದೇಶದ ಮಾತು ಬಾಯಿಗೆ ಸಿಕ್ಕದಿದ್ದಾಗ ಪರಿಚಯವಿದ್ದ ಮಾತಿನ ಅಂಗಿಯನ್ನು ಅದಕ್ಕೆ ತೊಡಿಸುವುದು ಎಲ್ಲ ಭಾಷೆಗಳ ಅಭ್ಯಾಸ. ಇಂದಿಗೂ ಅಲ್ಲಿಯ ಮಕ್ಕಳು ಅದರ ಬಹುವಚನವನ್ನು ಹೆಬ್ಬಾತಿನಂತೆ ಗೀಸ್ ಎಂದು ಮಾಡಲು ಹೋಗಿ ತಿದ್ದಿಸಿಕೊಳ್ಳುತ್ತಾರೆ. ೧೮೮೬ರಲ್ಲಿ ಯೂಲ್ ಮತ್ತು ಬರ್ನೆಲ್ ಹೊರತಂದ ಹಾಬ್ಸನ್-ಜಾಬ್ಸನ್ ಎಂಬ ಪ್ರಸಿದ್ಧ ಕೋಶ ಈ ಮಾತಿನ ಮೂಲವನ್ನು ತೆಲುಗಿನಲ್ಲಿ ಗುರುತಿಸಿ, ದಖ್ಖನಿ ಮರಾಠಿಗಳ ರೂಪವನ್ನೂ ಕೊಟ್ಟಿದೆ. ನಮ್ಮ ಶಾಲೆಯ ಮಕ್ಕಳು ಮಂಗೂಸ್ ಎಂಬ ಇಂಗ್ಲಿಷ್ ಪದಕ್ಕೆ ಮುಂಗುಸಿ ಎಂಬ ಅರ್ಥವನ್ನು ಬಾಯಿಪಾಠ ಮಾಡುವಾಗ, ಅದು ತವರಿಗೆ ಮರಳಿ ಬಂದ ಹೆಣ್ಣುಮಗಳೆಂದು ಅವರಿಗೆ ಯಾರಾದರೂ ಹೇಳಿದರೆ ಚೆನ್ನ.

ಈ ಸೀಮೆಯ ಹೆಸರುಗಳಲ್ಲಿ ಹೀಗೆ ಹೊರಟದ್ದು ಮುಂಗುಸಿ ಒಂದೇ ಅಲ್ಲ. ಇಂಗ್ಲಿಷಿನವರು ಹೆಗ್ಗಣಕ್ಕೆ ಬ್ಯಾಂಡಿಕೂಟ್ ಎನ್ನುತ್ತಾರಷ್ಟೆ. ಅದು ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿಯಂಥ ಇಲಿ. ಧಾರವಾಡದ ಕಡೆ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಎಂಬಾತ ೧೮೩೯ರಲ್ಲಿ ಆ ಪ್ರಾಂತದ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದಾಗ ಕನ್ನಡದ ಹೆಸರುಗಳನ್ನು ಶ್ರದ್ಧೆಯಿಂದ ಬರೆದುಕೊಂಡನು. ಪೊದೆಗಳಲ್ಲಿ ಗೂಡು ಕಟ್ಟುವ ಇಲಿಯೊಂದಕ್ಕೆ ಜನ ಹೇಳುತ್ತಿದ್ದ ಗುಲಂಡಿ ಎಂಬ ಮಾತು ಶಾಸ್ತ್ರದ ಲ್ಯಾಟಿನ್ನಿಗೆ ಏರಿ ಗೋಲುಂಡ ಎಂಬ ಜಾತಿನಾಮವಾಯಿತು.

ಶಾಸ್ತ್ರದ ಹೆಸರುಗಳಲ್ಲಿ ಮುಂಗುಸಿಯ ಪಾಡು ವಿಚಿತ್ರ. ಮುಂಗೋಸ್ ಎಂಬ ಜಾತಿನಾಮ ೧೭೯೫ರಲ್ಲಿ ಹುಟ್ಟಿತು. ಆದರೆ ಇಂದು ಅದನ್ನು ಹೊತ್ತಿರುವುದು ಮೈಮೇಲೆ ಪಟ್ಟೆಗಳಿರುವ ಆಫ್ರಿಕದ ಪ್ರಾಣಿ. ಅದು ನಮ್ಮ ದೇಶದಲ್ಲಿಯೇ ಇಲ್ಲ! ಮಡಗಾಸ್ಕರದ ಒಂದು ಲೀಮರ್, ಅಂದರೆ ಮರದ ಮೇಲೆ ಬಾಳುವ ವಾನರನ ದೂರದ ಬಂಧು, ಲಿನೇಯಸನ ಕಾಲದಿಂದ ಮೊಂಗೊಜ್ ಎಂಬ ಹೆಸರನ್ನು ಹೊತ್ತಿದೆ. ನಮ್ಮ ಹೊಲದ ಬೂದು ಮುಂಗುಸಿಗೆ ಮಾತ್ರ ಗ್ರೀಕರ ಮಾತಿನಿಂದ ಹರ್ಪೆಸ್ಟಿಸ್, ತೆವಳುವವನು, ಎಂಬ ಹೆಸರು ಬಹುಕಾಲ ಇತ್ತು. ಇತ್ತೀಚಿನ ವರ್ಗೀಕರಣದಲ್ಲಿ ಅದು ನೇಪಾಳದ ಕಡೆಯಿಂದ ಬಂದ ಉರ್ವ ಎಂಬ ಜಾತಿಗೆ ಸೇರಿದೆ. ಅದರ ಎರಡನೆಯ ಹೆಸರು ಜಾರ್ಜ್ ಎಡ್ವರ್ಡ್ಸ್ ಎಂಬ ಆಂಗ್ಲ ಪಂಡಿತನದು. ಮನೆಯ ಯಜಮಾನನನ್ನು ಬಿಟ್ಟು ಊರಿನವರಿಗೆಲ್ಲ ಅವನ ಹೆಸರಿಟ್ಟ ಹಾಗಾಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಂದೇ ರೀತಿ ಕೇಳಿಸಿದ ಮಾತ್ರಕ್ಕೆ ಎಲ್ಲವೂ ನೆಂಟರಲ್ಲ. ಸಸ್ಯಶಾಸ್ತ್ರದಲ್ಲಿ ವಿಗ್ನ ಮುಂಗೊ ಎಂಬ ಹೆಸರು ಕಂಡರೆ ಅದು ಮುಂಗುಸಿಯ ಕಾಳೆಂದು ತಿಳಿಯಬಾರದು. ಆ ಮುಂಗೊ ಹಿಂದಿಯ ಮೂಂಗ್, ಅಂದರೆ ಹೆಸರುಕಾಳು. ತಮಾಷೆಯೆಂದರೆ ಆ ಹೆಸರನ್ನು ಪಡೆದದ್ದು ಹೆಸರುಕಾಳಲ್ಲ, ಉದ್ದು! ಎರಡನ್ನೂ ಬೆಳೆಯುವ ನಮ್ಮ ರೈತನು ಇಂಥ ತಪ್ಪನ್ನು ಎಂದೂ ಮಾಡಲಾರ.

ಹೆಸರಿನ ಮಾತು ಇಷ್ಟಾಯಿತು. ಇನ್ನು ಹೆಸರಿನ ಹಿಂದೆ ಹೋದ ಕೀರ್ತಿಯನ್ನು ನೋಡೋಣ.

ಹಾವಿನೊಡನೆ ಹೋರಾಡಿ ಕಚ್ಚಿಸಿಕೊಂಡ ಮುಂಗುಸಿಯು ಪೊದೆಯೊಳಕ್ಕೆ ಓಡಿ ಒಂದು ಬೇರನ್ನು ಕಡಿದು ತಿಂದು, ವಿಷವನ್ನು ಇಳಿಸಿಕೊಂಡು ಮತ್ತೆ ಕಾಳಗಕ್ಕೆ ಬರುತ್ತದೆಂಬ ಕಥೆಯನ್ನು ನೀವು ಕೇಳಿದ್ದೀರಿ. ಈ ಕಥೆ ಭಾರತದುದ್ದಕ್ಕೂ ಹರಡಿದೆ. ಹೆಸರಿನೊಡನೆ ಹಡಗನ್ನೂ ಹತ್ತಿತು. ಎಂಗೆಲ್ಬರ್ಟ್ ಕೆಂಪ್ಫರ್ ಎಂಬ ಜರ್ಮನ್ ವೈದ್ಯನು ೧೭೧೨ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಪ್ರಾಣಿಯನ್ನೂ ಅದರ ಬೇರನ್ನೂ ವರ್ಣಿಸಿದನು. ಲಿನೇಯಸ್ ೧೭೫೩ರಲ್ಲಿ ಒಂದು ಗಿಡಕ್ಕೆ ಒಫಿಯೊರೈಜ ಮುಂಗೋಸ್ ಎಂದು ಹೆಸರಿಟ್ಟನು. ಹಾವಿನ ಬೇರು, ಮುಂಗುಸಿಯದು ಎಂದು ಅರ್ಥ. ನಮ್ಮ ವೈದ್ಯಗ್ರಂಥಗಳಲ್ಲಿ ನಾಕುಲೀ ಎಂಬ ಮೂಲಿಕೆಯ ಹೆಸರು ನಕುಲದಿಂದ ಬಂದದ್ದು. ಅದನ್ನು ಸರ್ಪಗಂಧಿಯೆಂದು ಗುರುತಿಸುವುದು ರೂಢಿ. ಹೀಗೆ ಪ್ರಾಣಿಯ ಹೆಸರು ಗಿಡಕ್ಕೆ ಇಳಿಯಿತು. ಗಿಡದ ಮೇಲೆ ಪ್ರಾಣಿಯ ಕೀರ್ತಿ ಕುಳಿತಿತು.

ಸರ್ಪಗಂಧಿಯಲ್ಲಿ ಗುಣವಿಲ್ಲವೆಂದಲ್ಲ. ಅದರ ಬೇರಿನಿಂದ ೧೯೫೨ರಲ್ಲಿ ರಿಸರ್ಪಿನ್ ಎಂಬ ಔಷಧಸಾರವನ್ನು ಬೇರ್ಪಡಿಸಿದರು. ರಕ್ತದ ಒತ್ತಡವನ್ನು ಇಳಿಸುವುದರಲ್ಲಿ ಅದು ಹೆಸರಾಯಿತು. ಆದರೆ ಹಾವಿನ ವಿಷಕ್ಕೆ ಅದು ಮದ್ದಲ್ಲ. ಒಂದು ಗುಣವಿರುವ ಬೇರಿಗೆ ಇಲ್ಲದ ಇನ್ನೊಂದು ಗುಣವನ್ನು ಹೆಸರೇ ತಂದುಕೊಟ್ಟಿತು.

ಮುಂಗುಸಿ ಬದುಕುವುದು ಹೇಗೆ ಹಾಗಾದರೆ? ಮೊದಲನೆಯದಾಗಿ ಅದರ ಚುರುಕು. ಹಾವು ಹೊಡೆಯುವಷ್ಟರಲ್ಲಿ ಅದು ಅಲ್ಲಿರುವುದಿಲ್ಲ. ಎರಡನೆಯದಾಗಿ, ಕಾಳಗದಲ್ಲಿ ನಿಮಿರಿ ನಿಲ್ಲುವ ಅದರ ಒರಟು ಕೂದಲು. ಹಾವಿನ ಹಲ್ಲು ಎಷ್ಟೋ ವೇಳೆ ಕೂದಲಿನಲ್ಲಿಯೇ ವ್ಯರ್ಥವಾಗುತ್ತದೆ. ಮೂರನೆಯದು ಅದರ ದೇಹದೊಳಗಿನ ರಚನೆ. ನಾಗರಹಾವಿನ ವಿಷವು ನರಗಳ ಅಪ್ಪಣೆ ಸ್ನಾಯುಗಳಿಗೆ ಮುಟ್ಟುವ ಬಾಗಿಲನ್ನು ಹಿಡಿದು ಮುಚ್ಚುತ್ತದೆ. ಉಸಿರಾಟ ನಿಲ್ಲುವುದು ಅದರಿಂದ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು ೧೯೯೨ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಮುಂಗುಸಿಯ ದೇಹದಲ್ಲಿ ಆ ಬಾಗಿಲಿನ ಆಕಾರವೇ ಸ್ವಲ್ಪ ಬೇರೆಯೆಂದು ತೋರಿಸಿದರು. ವಿಷದ ಬೀಗ ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಆದರೂ ಇದು ಪೂರ್ಣ ಕವಚವಲ್ಲ. ವಿಷ ಹೆಚ್ಚು ಹೊಕ್ಕರೆ ಮುಂಗುಸಿಯೂ ಸಾಯುತ್ತದೆ. ಮುಖ್ಯವಾದ ಮಾತೆಂದರೆ ಈ ರಕ್ಷಣೆ ಹುಟ್ಟಿನಿಂದ ಬಂದದ್ದು. ಬೇರಿನಿಂದ ಬಂದದ್ದಲ್ಲ, ಇನ್ನೊಬ್ಬರಿಗೆ ಅರೆದು ಕುಡಿಸುವಂಥದೂ ಅಲ್ಲ.

ಕೀರ್ತಿಯನ್ನು ನಂಬಿ ದೂರದವರು ಮಾಡಿದ್ದನ್ನು ಕೇಳಿ. ೧೮೭೨ರಲ್ಲಿ ಜಮೈಕ ದ್ವೀಪದ ಎಸ್ಪ್ಯೂಟ್ ಎಂಬ ಕಬ್ಬಿನ ತೋಟದ ಒಡೆಯನು ಇಲಿಗಳ ಕಾಟ ತಾಳಲಾರದೆ ಕಲ್ಕತ್ತೆಯಿಂದ ಒಂಬತ್ತು ಮುಂಗುಸಿಗಳನ್ನು ತರಿಸಿದನು. ಇವು ನಮ್ಮ ಬೂದು ಮುಂಗುಸಿಯ ಚಿಕ್ಕ ದಾಯಾದಿಗಳು. ಮೊದಮೊದಲು ಎಲ್ಲರೂ ಹೊಗಳಿದರು. ೧೮೮೩ರಲ್ಲಿ ಹವಾಯಿಯ ತೋಟದವರು ಜಮೈಕದಿಂದ ಎಪ್ಪತ್ತೆರಡನ್ನು ತರಿಸಿಕೊಂಡರು. ಆದರೆ ಇಲಿ ತಿರುಗುವುದು ರಾತ್ರಿ, ಮುಂಗುಸಿ ಬೇಟೆಯಾಡುವುದು ಹಗಲು. ಒಂದು ಕೆಲಸಕ್ಕೆ ಬಂದಾಗ ಇನ್ನೊಂದು ಮಲಗಿರುತ್ತದೆ. ಹೊಟ್ಟೆಯಂತೂ ಕೇಳಬೇಕಲ್ಲ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೊಟ್ಟೆಮರಿಗಳೂ ಆಮೆಯ ಮೊಟ್ಟೆಗಳೂ ಅದರ ಪಾಲಾದವು. ಹವಾಯಿಯ ಜನ ಈ ಹೊಸಬನಿಗೆ ಮನಕುಕೆ ಎಂದು ಹೆಸರಿಟ್ಟರು. ಅವರ ಭಾಷೆಯಲ್ಲಿ ಗಕಾರವೂ ಇಲ್ಲ, ಸಕಾರವೂ ಇಲ್ಲ. ಎರಡರ ಜಾಗದಲ್ಲಿಯೂ ಕಕಾರವೇ. ಮುಂಗುಸಿ ಮನಕುಕೆಯಾದುದು ಹೀಗೆ. ಇಷ್ಟು ದೂರ ಹೋದರೂ ಹೆಸರಿನ ಮುಖಚಹರೆ ಅಳಿಯಲಿಲ್ಲವೆಂಬುದು ಸೋಜಿಗ.

ಜಪಾನಿನಲ್ಲಿ ಅದು ಮಂಗೂಸು. ೧೯೧೦ರಲ್ಲಿ ಓಕಿನಾವ ದ್ವೀಪದಲ್ಲಿ ಹಾಬು ಎಂಬ ವಿಷದ ಹಾವನ್ನೂ ಇಲಿಗಳನ್ನೂ ಹತೋಟಿಗೆ ತರಲೆಂದು ಅದನ್ನು ಬಿಟ್ಟರು. ೧೯೭೯ರಲ್ಲಿ ಅಮಾಮಿ ದ್ವೀಪದಲ್ಲಿ ಸುಮಾರು ಮೂವತ್ತನ್ನು ಬಿಟ್ಟರು. ಹಾಬು ಹಾವು ರಾತ್ರಿಯ ಪ್ರಾಣಿ. ಮತ್ತೆ ಅದೇ ಕಥೆ. ಅಮಾಮಿಯ ಕಪ್ಪು ಮೊಲಗಳು ಮುಂಗುಸಿಯ ಬಾಯಿಗೆ ಬಿದ್ದವು. ಬಿಟ್ಟದ್ದು ಒಂದು ದಿನದ ಕೆಲಸ. ಹಿಡಿದದ್ದು ದಶಕಗಳ ಕೆಲಸ. ಅಮಾಮಿಯಲ್ಲಿ ಇನ್ನು ಮುಂಗುಸಿಯಿಲ್ಲವೆಂದು ಜಪಾನ್ ಸರಕಾರ ಸಾರಿದ್ದು ೨೦೨೪ರ ಸೆಪ್ಟೆಂಬರಿನಲ್ಲಿ. ಇದರಲ್ಲಿ ಮುಂಗುಸಿಯ ತಪ್ಪೇನೂ ಇಲ್ಲ. ಪ್ರಾಣಿಯ ನಡತೆಯನ್ನು ನೋಡದೆ ಹೆಸರನ್ನು ಮಾತ್ರ ಕೇಳಿ ತರಿಸಿಕೊಂಡವರ ಫಲ ಅದು.

ಇನ್ನು ನಮ್ಮ ಮಾತು. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಸುರಪುರ ಶಹಾಪುರಗಳ ಎರೆಹೊಲಗಳಿಗೆ ಹರಿದ ಮೇಲೆ ಜೋಳ ಹತ್ತಿಗಳ ಪಕ್ಕದಲ್ಲಿ ಭತ್ತವೂ ಬಂದಿತು. ನೀರಿದ್ದಲ್ಲಿ ಭತ್ತ, ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಕಲ್ಲುಭೂಮಿಯಲ್ಲಿ ಅಡಗುವ ಚಿಕ್ಕ ಗರಗಸ ಮಂಡಲ: ದೇಶದಲ್ಲಿ ಅತಿಹೆಚ್ಚು ಪ್ರಾಣಹಾನಿ ಮಾಡುವವು ಈ ನಾಲ್ಕು. ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ ೨೦೦೦ದಿಂದ ೨೦೧೯ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ಹನ್ನೆರಡು ಲಕ್ಷ. ವರ್ಷಕ್ಕೆ ಐವತ್ತೆಂಟು ಸಾವಿರ. ಬಹುಪಾಲು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ಇವರಲ್ಲಿ ಎಷ್ಟೋ ಮಂದಿ ಆಸ್ಪತ್ರೆಯ ದಾರಿ ಹಿಡಿಯುವ ಮೊದಲು ಬೇರು ಅರೆಯುವವರ ಮನೆಯ ಮುಂದೆ ಹೊತ್ತು ಕಳೆದವರು.

ಬೇರು ಕೊಟ್ಟವರಲ್ಲಿ ಬದುಕಿದವರಿಲ್ಲವೆ ಎಂದು ಕೇಳಬಹುದು. ಇದ್ದಾರೆ. ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವೇ ಹೆಚ್ಚು. ವಿಷದ ಹಾವು ಸಹ ಎಲ್ಲ ಸಲವೂ ವಿಷ ಬಿಡುವುದಿಲ್ಲ. ಅಂಥವರು ಬೇರಿಲ್ಲದೆಯೂ ಬದುಕುತ್ತಿದ್ದರು. ಬದುಕಿದವನು ಊರೆಲ್ಲ ಹೇಳುತ್ತಾನೆ, ಸತ್ತವನು ಹೇಳುವುದಿಲ್ಲ. ಬೇರಿನ ಕೀರ್ತಿ ಬೆಳೆದ ಬಗೆ ಇದು.

ನಿಜವಾದ ಮದ್ದು ಇದೆ. ೧೮೯೫ರಲ್ಲಿ ಕಾಲ್ಮೆಟ್ ಎಂಬ ಫ್ರೆಂಚ್ ವೈದ್ಯನು ನಾಗರಹಾವಿನ ವಿಷವನ್ನು ಪ್ರಾಣಿಗಳಿಗೆ ಅಲ್ಪಸ್ವಲ್ಪವಾಗಿ ಚುಚ್ಚಿ ಅವುಗಳ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ತೆಗೆಯುವ ಉಪಾಯವನ್ನು ಕಂಡುಹಿಡಿದನು. ಇಂದು ಕುದುರೆಗಳಿಂದ ತಯಾರಾಗುವ ಪ್ರತಿವಿಷ ಮೇಲೆ ಹೇಳಿದ ನಾಲ್ಕು ಹಾವುಗಳಿಗೂ ಸಲ್ಲುತ್ತದೆ. ಕರ್ನಾಟಕ ಸರಕಾರ ೨೦೨೪ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಹಾವು ಕಚ್ಚಿದಾಗ ಮಾಡತಕ್ಕದ್ದು ಸರಳ: ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ಕಚ್ಚಿದ ಅಂಗವನ್ನು ಅಲುಗಾಡಿಸದಂತೆ ಇರಿಸಿ, ನಡೆಸದೆ ವಾಹನದಲ್ಲಿ ಆಸ್ಪತ್ರೆಗೆ ಒಯ್ಯುವುದು. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಕೂಡದು. ಹಾವನ್ನು ಹುಡುಕಿ ಕೊಂದು ತರುತ್ತ ಹೊತ್ತು ಕಳೆಯುವುದೂ ಕೂಡದು.

ಮುಂಗುಸಿಗೆ ನಾವು ಸಲ್ಲಿಸಬೇಕಾದ ಋಣವೂ ಒಂದುಂಟು. ಅದರ ಕೂದಲಿನಿಂದ ಚಿತ್ರಕಾರರ ಕುಂಚ ಮಾಡುವುದಕ್ಕಾಗಿ ಅದನ್ನು ಬಲೆಯೊಡ್ಡಿ ಕೊಲ್ಲುವ ಕಳ್ಳವ್ಯಾಪಾರ ದೇಶದಲ್ಲಿ ನಡೆದಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಮುಂಗುಸಿಗೆ ಇದೆ. ಕೊಲ್ಲುವುದೂ ಕೂದಲು ಮಾರುವುದೂ ಅಪರಾಧ. ಹೊಲದ ಇಲಿ, ಹುಳು, ಹಾವುಗಳನ್ನು ಮಿತಿಯಲ್ಲಿಡುವ ಕೆಲಸವನ್ನು ಅದು ತನ್ನ ನೆಲದಲ್ಲಿ ಕೂಲಿ ಕೇಳದೆ ಮಾಡುತ್ತ ಬಂದಿದೆ. ಪರದೇಶದಲ್ಲಿ ಅದು ಪಿಡುಗು, ಇಲ್ಲಿ ನೆರೆಯವ. ಪಂಚತಂತ್ರದ ಕಥೆ ನೆನಪಿದೆಯಷ್ಟೆ: ಹಾವನ್ನು ಕೊಂದು ಮಗುವನ್ನು ಉಳಿಸಿದ ಮುಂಗುಸಿಯ ಬಾಯಲ್ಲಿ ರಕ್ತ ಕಂಡು, ವಿಚಾರಿಸದೆ ಅದನ್ನೇ ಕೊಂದ ಕಥೆ. ವಿಚಾರಿಸದೆ ದೂರುವುದು ಹೇಗೆ ತಪ್ಪೋ, ವಿಚಾರಿಸದೆ ಹೊಗಳುವುದೂ ಹಾಗೆಯೇ ತಪ್ಪು.

ಮುಂಗುಸಿ ಎಂಬ ಹೆಸರನ್ನು ನಮ್ಮ ಹಿರಿಯರು ನೋಡಿ ಇಟ್ಟರು. ಲೋಕ ಅದನ್ನು ಕೇಳಿ ಪಡೆಯಿತು. ಆ ಹೆಸರು ನಮ್ಮದೆಂದು ಸಂತೋಷಪಡಲು ಅಡ್ಡಿಯಿಲ್ಲ. ಆದರೆ ಮುಂದಿನ ಮಳೆಗಾಲದಲ್ಲಿ ಯಾರಿಗಾದರೂ ಹಾವು ಕಚ್ಚಿದಾಗ, ಮುಂಗುಸಿಯ ಬೇರನ್ನು ಹುಡುಕಿ ಪೊದೆಗೆ ಹೋಗದೆ, ಗಾಡಿ ಕಟ್ಟಿಸಿ ತಾಲ್ಲೂಕಿನ ಆಸ್ಪತ್ರೆಗೆ ಹೊರಡಬೇಕು. ಹೊರಡುವುದು ತಡವಾಗಬಾರದು.